ಚೊಚ್ಚಲ ಬಾಣಂತನ: ಎರಡೂ ಮನೆಯವರು ತಿಳಿದಿರಬೇಕಾದ ಸಂಗತಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಒಕ್ಕಲುತನದ ಮನೆಗಳಲ್ಲಿ ಸೊಸೆಯ ಮೊದಲನೆಯ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ಹಿಂದಿನಿಂದ ನಡೆದುಬಂದ ರೂಢಿ. ಕುಬಸದ ಕಾರ್ಯ ಮುಗಿಸಿ ಏಳನೆಯ ಇಲ್ಲವೆ ಒಂಬತ್ತನೆಯ ತಿಂಗಳಿನಲ್ಲಿ ತವರಿನವರು ಮಗಳನ್ನು ಕರೆದೊಯ್ಯುತ್ತಾರೆ. ಹಡೆದ ಮೂರು ಅಥವಾ ಐದು ತಿಂಗಳಿಗೆ ಕೂಸಿನೊಡನೆ ಗಂಡನ ಮನೆಗೆ ಕಳಿಸಿಕೊಡುತ್ತಾರೆ. ಈ ರೂಢಿಯಲ್ಲಿ ಅನುಕೂಲ ಬಹಳ. ಹಡೆದವ್ವನ ಹತ್ತಿರ ಹುಡುಗಿಗೆ ಧೈರ್ಯವಿರುತ್ತದೆ, ನೋವನ್ನು ಬಾಯಿಬಿಟ್ಟು ಹೇಳುತ್ತಾಳೆ, ಹೊಲಮನೆಯ ಕೆಲಸದಿಂದ ಬಿಡುವು ದೊರೆಯುತ್ತದೆ. ಈ ಪದ್ಧತಿಯನ್ನು ಬಿಡಬೇಕೆಂದು ಯಾರೂ ಹೇಳಲಾರರು.

ಆದರೆ ಇದರಲ್ಲಿ ಒಂದು ತೊಡಕೂ ಇದೆ. ಬಸುರಿನ ಮೊದಲ ಆರೇಳು ತಿಂಗಳನ್ನು ಒಂದು ಮನೆ ನೋಡಿಕೊಂಡರೆ ಹೆರಿಗೆ ಮತ್ತು ಬಾಣಂತನವನ್ನು ಮತ್ತೊಂದು ಮನೆ ನೋಡಿಕೊಳ್ಳುತ್ತದೆ. ಸವದತ್ತಿ ಕಡೆಯ ಹಳ್ಳಿಯೊಂದರ ಸೊಸೆ ರಾಮದುರ್ಗ ಕಡೆಯ ತವರಿಗೆ ಹೋದಳೆಂದು ತಿಳಿಯೋಣ. ಗಂಡನ ಊರಿನ ಆಶಾ ಕಾರ್ಯಕರ್ತೆ "ತವರಿಗೆ ಹೋಗಿದ್ದಾಳೆ" ಎಂದು ಸುಮ್ಮನಾಗುತ್ತಾಳೆ. ತವರೂರಿನ ಆಶಾ ಕಾರ್ಯಕರ್ತೆಗೆ ಬಸುರಿಯೊಬ್ಬಳು ಬಂದದ್ದೇ ತಿಳಿದಿರುವುದಿಲ್ಲ. ತಾಯಿ ಕಾರ್ಡ್ ಗಂಡನ ಮನೆಯ ಟ್ರಂಕಿನಲ್ಲಿ ಉಳಿದಿರುತ್ತದೆ. ರಕ್ತದ ಗುಂಪು ಯಾವುದು, ಹಿಂದಿನ ತಪಾಸಣೆಯಲ್ಲಿ ರಕ್ತದೊತ್ತಡ ಎಷ್ಟಿತ್ತು, ಗುಳಿಗೆ ಎಷ್ಟು ನುಂಗಿದ್ದಾಳೆ ಎಂದು ವೈದ್ಯರು ಕೇಳಿದರೆ ತವರಿನವರು ಮುಖ ಮುಖ ನೋಡಿಕೊಳ್ಳುವ ಪ್ರಸಂಗ ಬರುತ್ತದೆ. ಅದೂ ಹೆರಿಗೆಗೆ ತೀರ ಹತ್ತಿರವಿರುವ, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಹೊತ್ತಿನಲ್ಲಿ. ಆದುದರಿಂದ ಚೊಚ್ಚಲ ಹೆರಿಗೆಯ ತಯಾರಿಯನ್ನು ಬೀಗರಿಬ್ಬರೂ ಕೂಡಿಯೇ ಮಾಡತಕ್ಕದ್ದು.

ಗಂಡನ ಮನೆಯ ತಿಂಗಳುಗಳು

ಮುಟ್ಟು ನಿಂತದ್ದು ಖಚಿತವಾದ ಕೂಡಲೇ, ಮೂರು ತಿಂಗಳು ತುಂಬುವ ಮೊದಲೇ, ಹತ್ತಿರದ ದವಾಖಾನೆಯಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಚೊಚ್ಚಲವೆಂದು ನಾಚಿಕೊಂಡು, ದೃಷ್ಟಿಯಾದೀತೆಂದು ಅಂಜಿ, ನಾಲ್ಕೈದು ತಿಂಗಳವರೆಗೆ ಬಚ್ಚಿಡುವ ಮನೆಗಳಿವೆ. ಹೊರಗಿನವರಿಗೆ ಹೇಳದಿದ್ದರೂ ಆದೀತು, ದವಾಖಾನೆಗೆ ಹೇಳಲೇಬೇಕು. ಹೆರಿಗೆಯ ತನಕ ಕನಿಷ್ಠ ನಾಲ್ಕು ತಪಾಸಣೆ ಆಗಬೇಕು. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ದವಾಖಾನೆಗಳಲ್ಲಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆ 2016ರಿಂದ ನಡೆದಿದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಮರೆಯುವುದಿಲ್ಲ.

ಬೇಗ ನೋಂದಾಯಿಸುವುದರ ಪ್ರಯೋಜನಕ್ಕೆ ನಮ್ಮ ಜಿಲ್ಲೆಯದೇ ಒಂದು ನಿದರ್ಶನವಿದೆ. ಚೊಚ್ಚಲ ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಗುಳಿಗೆ ಕೊಟ್ಟರೆ ದಿನ ತುಂಬದ ಹೆರಿಗೆಗಳು ತಗ್ಗುತ್ತವೆಯೇ ಎಂಬ ಬಗ್ಗೆ ಆರು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ದಿನ ತುಂಬದ ಹೆರಿಗೆಗಳು ಶೇಕಡಾ 13.1ರಿಂದ 11.6ಕ್ಕೆ ಇಳಿದವು. ಆ ಗುಳಿಗೆಯನ್ನು ಆರಂಭಿಸಿದ್ದು ಹದಿನಾಲ್ಕು ವಾರ ತುಂಬುವ ಮೊದಲು. ನಾಲ್ಕು ತಿಂಗಳಾದ ಮೇಲೆ ದವಾಖಾನೆಯ ಮೆಟ್ಟಿಲು ಹತ್ತಿದವಳಿಗೆ ಅಂಥ ಲಾಭ ದೊರೆಯುವುದಿಲ್ಲ. (ಇದನ್ನು ಓದಿ ಅಂಗಡಿಯಿಂದ ಗುಳಿಗೆ ತಂದು ನುಂಗಿಸಬಾರದು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.)

ರಕ್ತದ ಗುಂಪನ್ನು ಮೊದಲ ತಪಾಸಣೆಯಲ್ಲಿಯೇ ತಿಳಿಯುವುದು ಅವಶ್ಯ. ತಾಯಿಯದು ನೆಗೆಟಿವ್ ಗುಂಪಾಗಿ ಕೂಸಿನದು ಪಾಸಿಟಿವ್ ಆದರೆ, ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಒಂದು ವಿಶೇಷ ಚುಚ್ಚುಮದ್ದು ಬೇಕಾಗುತ್ತದೆ. ಚೊಚ್ಚಲದಲ್ಲಿ ಅದು ತಪ್ಪಿದರೆ ಅಪಾಯ ಮುಂದಿನ ಕೂಸಿಗೆ.

ನಮ್ಮ ಹೆಣ್ಣುಮಕ್ಕಳಲ್ಲಿ ಅತಿ ಸಾಮಾನ್ಯವಾದ ಕೊರತೆ ರಕ್ತಹೀನತೆ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತ ಕಡಿಮೆಯೆಂದೂ, 7ಕ್ಕಿಂತ ಕೆಳಗಿದ್ದರೆ ತೀವ್ರ ಅಪಾಯವೆಂದೂ ತಿಳಿಯಬೇಕು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹಡೆದ ಮೇಲೆ ಮತ್ತೆ 180 ದಿನ ಕಬ್ಬಿಣಾಂಶದ ಗುಳಿಗೆ ನುಂಗಬೇಕು. ಚಹಾದ ಜೊತೆಗೆ, ಅಥವಾ ಸುಣ್ಣದಂಶದ ಗುಳಿಗೆಯ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಅಂತರವಿರಲಿ. ಲಿಂಬೆರಸ ಹಿಂಡಿದ ಊಟದೊಡನೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದು ಸಹಜ, ಅದಕ್ಕೆ ಅಂಜಿ ಗುಳಿಗೆ ಬಿಡಬಾರದು. ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ, ಹೊಟ್ಟೆ ತುಂಬ ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಬಿಗಿಯಾಗುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ.

ಬಸುರಿನ ನಡುಭಾಗದ ನಂತರ ದಿನಕ್ಕೆ ಸುಮಾರು 350 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕು. ಇದಕ್ಕೆ ಪೇಟೆಯ ಡಬ್ಬಿ ಪುಡಿಗಳು ಬೇಕಿಲ್ಲ. ಜೋಳದ ರೊಟ್ಟಿ, ಹೆಸರು, ಮಡಿಕೆ, ಕಡಲೆಯ ಕಾಳುಪಲ್ಯ, ಮೆಂತ್ಯ, ರಾಜಗಿರಿ, ಸಬ್ಬಸಿಗೆ ಸೊಪ್ಪು, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಒಂದು ಲೋಟ ಹಾಲು, ತಿನ್ನುವವರಿಗೆ ತತ್ತಿ ಸಾಕು. ಇವೆಲ್ಲ ನಮ್ಮ ಎರೆಹೊಲದಲ್ಲಿ, ಹಿತ್ತಲಿನಲ್ಲಿ ಆಗುವಂಥವೇ. ಶೀಗಿ ಹುಣ್ಣಿಮೆಗೆ ತೆನೆ ಹೊತ್ತ ಭೂಮಿತಾಯಿಗೆ ಬಯಕೆಯ ಊಟವೆಂದು ಚರಗ ಚೆಲ್ಲುವ ಜನ ನಾವು. ಮನೆಯ ಬಸುರಿ ಎಲ್ಲರ ಊಟವಾದ ಮೇಲೆ ಗಡಿಗೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಾಳೆಯೇ ಎಂಬುದನ್ನೂ ಒಮ್ಮೆ ನೋಡಬೇಕು. ಅಂಗನವಾಡಿಯಲ್ಲಿ ಬಸುರಿ ಮತ್ತು ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅಲ್ಲಿಗೆ ಹೋಗಿ ಉಣ್ಣುವುದು ಸಣ್ಣತನವಲ್ಲ. ಕೈತೋಟದ ವಿಷಯವಾಗಿ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಹೊಲದ ಕೆಲಸದ ಬಗ್ಗೆ ಎರಡು ಮಾತು. ಹಗುರ ಕೆಲಸದಿಂದ ಬಸುರಿಗೆ ತೊಂದರೆಯಿಲ್ಲ. ಮೇವಿನ ಹೊರೆ, ತುಂಬಿದ ಕೊಡ ಹೊರುವುದು, ಬಿಸಿಲಿನಲ್ಲಿ ದಿನವಿಡೀ ಬಗ್ಗಿ ಜೋಳ ಕೊಯ್ಯುವುದು ಬೇಡ. ಕೀಟನಾಶಕ ಕಲಸುವುದು, ಸಿಂಪಡಿಸುವುದು, ಸಿಂಪಡಿಸಿದವರ ಬಟ್ಟೆ ಒಗೆಯುವುದು, ಔಷಧಿ ಹೊಡೆದ ಹೊಲದಲ್ಲಿ ಹತ್ತಿ ಬಿಡಿಸುವುದು, ಬೀಜೋಪಚಾರ ಮಾಡಿದ ಸೋಯಾ ಇಲ್ಲವೆ ಕಡಲೆ ಬೀಜವನ್ನು ಬರಿಗೈಯಲ್ಲಿ ಮುಟ್ಟುವುದು ಸರ್ವಥಾ ಕೂಡದು. ದನದ ಕೊಟ್ಟಿಗೆಯಲ್ಲಿಯೂ ಎಚ್ಚರ ಬೇಕು. ಕಂದು ಹಾಕಿದ ಆಕಳು, ಎಮ್ಮೆ, ಆಡುಗಳ ಮಾಸನ್ನು ಬಸುರಿ ಮುಟ್ಟಬಾರದು. ಕಂದುರೋಗದ ಜೀವಾಣುಗಳು ಅದರಿಂದ, ಹಾಗೆಯೇ ಕಾಯಿಸದ ಹಾಲಿನಿಂದ ಮನುಷ್ಯರಿಗೂ ಹತ್ತುತ್ತವೆ.

ತವರಿಗೆ ಕಳಿಸುವಾಗ

ಕುಬಸದ ದಿನ ಸೀರೆ, ಹಸಿರು ಬಳೆ, ಸಿಹಿ ಬುತ್ತಿ ಎಲ್ಲವನ್ನೂ ಲೆಕ್ಕ ಹಾಕಿ ಕಟ್ಟುತ್ತಾರೆ. ಅದೇ ಗಂಟಿನಲ್ಲಿ ತಾಯಿ ಕಾರ್ಡ್, ತಪಾಸಣೆಯ ಚೀಟಿಗಳು, ಉಳಿದ ಗುಳಿಗೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಡಬೇಕು. ಮೊದಲ ಕೂಸಿಗೆಂದು ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಲ್ಲಿ 2017ರಿಂದ ಅರ್ಹ ತಾಯಂದಿರಿಗೆ ಕೊಡುವ 5000 ರೂಪಾಯಿ ಆಕೆಯ ಸ್ವಂತ ಖಾತೆಗೇ ಬರುತ್ತದೆ. ಕಾಗದಗಳು ಕೈಯಲ್ಲಿದ್ದರೆ ಕೆಲಸ ಸುಲಭ. ಗಂಡನ ಊರಿನ ಆಶಾ ಕಾರ್ಯಕರ್ತೆಯಿಂದ ತವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಸಿ, ಮಗಳು ಬಂದ ವಾರದೊಳಗೆ ಅಲ್ಲಿನ ದವಾಖಾನೆಯಲ್ಲಿ ತೋರಿಸಬೇಕು. ತುಂಬುದಿಂಗಳಿನಲ್ಲಿ ಬೈಕಿನ ಮೇಲೆ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಳಿಸಬಾರದು.

ಹೆರಿಗೆ ಎಲ್ಲಿ ಎಂಬುದನ್ನು ಎರಡೂ ಮನೆಯವರು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನೋವು ಬಂದ ಮೇಲೆ ಕೂತು ವಿಚಾರ ಮಾಡಲು ಹೊತ್ತಿರುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ತೊಡಕಿನ ಹೆರಿಗೆಯಾದರೆ ಬೆಳಗಾವಿ ಇಲ್ಲವೆ ಧಾರವಾಡ, ಹುಬ್ಬಳ್ಳಿಗೆ ಹೋಗಬೇಕಾದೀತು. ಕಿತ್ತೂರು ಹೆದ್ದಾರಿಯ ಮೇಲಿದೆ, ಧಾರವಾಡ ಹತ್ತಿರ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಆದ್ದರಿಂದ ರಕ್ತ ಕಡಿಮೆಯಿದ್ದವರು, ರಕ್ತದೊತ್ತಡ ಏರಿದವರು, ಅವಳಿ ಇದ್ದವರು, ಕೂಸು ಅಡ್ಡಲಾಗಿರುವವರು ದಿನ ತುಂಬುವ ಮೊದಲೇ ದೊಡ್ಡ ಆಸ್ಪತ್ರೆಯ ಸಮೀಪ ಹೋಗಿ ಇರುವುದು ಕ್ಷೇಮ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧಿ, ರಕ್ತ, ಬಾಣಂತಿಯ ಊಟ, ಹೋಗಿಬರುವ ವಾಹನ ಇವೆಲ್ಲ ಉಚಿತವೆಂದು 2011ರಲ್ಲಿಯೇ ಕೇಂದ್ರ ಸರಕಾರ ಗೊತ್ತುಪಡಿಸಿದೆ.

ಹಾದಿಯ ವಿಚಾರವನ್ನೂ ಮಾಡಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ಸವದತ್ತಿ, ರಾಮದುರ್ಗ ತಾಲೂಕುಗಳ ದಂಡೆಯ ಊರುಗಳಿಗೆ ದಾರಿ ಕಡಿದದ್ದನ್ನು ಯಾರೂ ಮರೆತಿಲ್ಲ. ನದಿ, ಹಳ್ಳಗಳ ಮಗ್ಗುಲಿನ ಊರಿನವರು ಮಳೆಗಾಲದ ಹೆರಿಗೆಯಿದ್ದರೆ ಮೊದಲೇ ಈಚೆ ದಂಡೆಗೆ ಬರಬೇಕು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡದ ರಸ್ತೆಗಳು ಚಕ್ಕಡಿ, ಟ್ರ್ಯಾಕ್ಟರುಗಳಿಂದ ಕಿಕ್ಕಿರಿದಿರುತ್ತವೆ. ಆ ದಿನಗಳಿಗೆ ಬೇರೆ ಹಾದಿ ನೋಡಿಟ್ಟಿರಬೇಕು. 108ಕ್ಕೆ ಫೋನ್ ಮಾಡುವುದಲ್ಲದೆ ಊರಿನಲ್ಲಿ ಒಂದು ಗಾಡಿಯವರಿಗೂ ಹೇಳಿಟ್ಟಿರುವುದು ಒಳ್ಳೆಯದು.

ಮನೆಯಲ್ಲಿಯೇ ಹಡೆದರೆ ಏನು ಕೆಡುತ್ತದೆ, ನಮ್ಮ ಅಜ್ಜಿಯರು ಹಡೆಯಲಿಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಇದಕ್ಕೂ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರೊಡನೆ ಕೂಡಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳನ್ನು ಅಭ್ಯಾಸ ಮಾಡಿದರು. ಅರ್ಧದಷ್ಟು ತಾಯಂದಿರಿಗೆ ಹೆರಿಗೆಯಾದ ಕೂಡಲೇ ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನೂ, ಉಳಿದರ್ಧಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. 2006ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಬಂದ ಫಲಿತಾಂಶವಿದು: ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋಯಿತು. ಗುಳಿಗೆ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ಅವರಾರೂ ಮೊದಲೇ ತೊಡಕಿನವರೆಂದು ಗುರುತಿಸಲ್ಪಟ್ಟವರಲ್ಲ. ಯಾರಿಗೆ ರಕ್ತ ಹೋದೀತೆಂದು ಮುಂಚೆ ಹೇಳಲು ಬರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಇಂದು ಆಸ್ಪತ್ರೆಗಳಲ್ಲಿ ಹಡೆದ ಕೂಡಲೇ ಇಂಥದೇ ಕೆಲಸ ಮಾಡುವ ಚುಚ್ಚುಮದ್ದು ಕೊಡುತ್ತಾರೆ. ಆರು ತಿಂಗಳು ನುಂಗಿದ ಗುಳಿಗೆಯ ಬೆಲೆ ತಿಳಿಯುವುದೂ ಈ ಗಳಿಗೆಯಲ್ಲಿಯೇ. ಹನ್ನೊಂದು ಗ್ರಾಂ ರಕ್ತಬಲವಿದ್ದವಳು ತಡೆದುಕೊಳ್ಳುವ ಸ್ರಾವವನ್ನು ಏಳು ಗ್ರಾಂ ಇದ್ದವಳು ತಡೆದುಕೊಳ್ಳಲಾರಳು.

ರಕ್ತ ಕಾಣಿಸಿದರೆ, ನೀರು ಒಡೆದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಮುಖ ಬಾತರೆ, ಮೈ ಸೆಳೆದರೆ, ಜ್ವರ ಬಂದರೆ, ಕೂಸಿನ ಅಲುಗಾಟ ಕಡಿಮೆಯಾದರೆ, ಹಗಲು ರಾತ್ರಿ ಎನ್ನದೆ ಹೊರಡಬೇಕು. "ಅಳಿಯಂದಿರಿಗೆ ಕೇಳಿ ಹೇಳುತ್ತೇವೆ" ಎಂದು ತವರಿನವರು ತಡಮಾಡುವುದುಂಟು. ಅಂಥ ಹೊತ್ತಿನಲ್ಲಿ ಯಾರನ್ನೂ ಕೇಳಬೇಕಿಲ್ಲವೆಂದು ಗಂಡನ ಮನೆಯವರು ಕುಬಸದ ದಿನವೇ ಬಾಯಿಬಿಟ್ಟು ಹೇಳಿಬಿಡಬೇಕು.

ಬಾಣಂತಿಯ ಕೋಣೆ

ಗಬ್ಬದ ಆಕಳಿಗೆ ಎರಡು ತಿಂಗಳು ಮೊದಲೇ ಹಾಲು ಬತ್ತಿಸಿ, ಹಿಂಡಿ ಹೆಚ್ಚಿಸಿ, ಈದ ಕೂಡಲೇ ಕರುವಿಗೆ ಗಿಣ್ಣದ ಹಾಲು ಕುಡಿಸುವುದನ್ನು ನಮ್ಮ ರೈತರು ತಪ್ಪಿಸುವುದಿಲ್ಲ. ಗಿಣ್ಣ ಕಾಣದ ಕರು ಬದುಕುವುದು ಕಷ್ಟವೆಂದು ಅವರಿಗೆ ಗೊತ್ತು. ಆದರೆ ಕೆಲವು ಮನೆಗಳಲ್ಲಿ ತಾಯಿಯ ಮೊದಲ ಹಾಲನ್ನು ಹಳದಿಯಾಗಿದೆ, ಕೆಟ್ಟದ್ದು ಎಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುತ್ತಾರೆ. ಮನುಷ್ಯರ ಕೂಸಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕೊಂಚ ರೋಗನಿರೋಧಕ ಶಕ್ತಿ ಬಂದಿರುತ್ತದೆ ನಿಜ. ಕರುಳಿನ ಕಾವಲಿಗೆ ಬೇಕಾದದ್ದು ಮಾತ್ರ ಈ ಹಳದಿ ಹಾಲಿನಲ್ಲಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಕೊಡಬೇಕು. ಮೊದಲ ದಿನ ಕೆಲವೇ ಚಮಚದಷ್ಟು ಬರುತ್ತದೆ, ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ದಿನಕ್ಕೆ 8ರಿಂದ 12 ಸಲ ಕುಡಿಸಿದಂತೆ ಹಾಲು ಹೆಚ್ಚುತ್ತದೆ. ಆರು ತಿಂಗಳು ತುಂಬುವವರೆಗೆ ನೀರು, ಬಜೆ, ಗ್ರೈಪ್ ವಾಟರ್, ಆಕಳ ಹಾಲು ಯಾವುದೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಅಪಾಯಕಾರಿ.

ಹಾಲು ಸಾಲದೆಂಬ ಚಿಂತೆ ಚೊಚ್ಚಲ ತಾಯಂದಿರಲ್ಲಿ ಬಹಳ. ಮೊದಲ ವಾರದಲ್ಲಿ ಕೂಸಿನ ತೂಕ ತುಸು ಇಳಿಯುವುದು ಸಹಜ, ಎರಡು ವಾರದೊಳಗೆ ಮರಳಿ ಬರುತ್ತದೆ. ಐದನೆಯ ದಿನದ ನಂತರ ದಿನಕ್ಕೆ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದರ್ಥ. "ಎದೆಯಲ್ಲಿ ಹಾಲಿಲ್ಲ" ಎಂದು ಬಂದವರೆಲ್ಲ ಹೇಳುತ್ತ ಹೋದರೆ ಹುಡುಗಿ ಕಂಗೆಟ್ಟು ಬಾಟಲಿಗೆ ಕೈಹಾಕುತ್ತಾಳೆ. ಬಾಟಲಿ ಬಂದ ಮೇಲೆ ಹಾಲು ನಿಜವಾಗಿಯೂ ಬತ್ತುತ್ತದೆ.

ಇನ್ನು ಬಾಣಂತಿಯ ಊಟ. ಬಸುರಿಗಿಂತ ಬಾಣಂತಿಗೆ ಹೆಚ್ಚು ಆಹಾರ ಬೇಕು: ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಅಧಿಕ. ನಮ್ಮಲ್ಲಿ ನಡೆಯುವುದು ತಿರುವುಮುರುವು. ಕುಬಸಕ್ಕೆ ಹೋಳಿಗೆ ಉಣಿಸಿ, ಹಡೆದ ಮೇಲೆ ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಸಾರು ಇಷ್ಟಕ್ಕೇ ನಿಲ್ಲಿಸಿ, ಪಲ್ಯ ನಂಜು, ಹಣ್ಣು ಶೀತ, ಬೇಳೆ ವಾಯು ಎಂದು ಒಂದೊಂದಾಗಿ ಬಿಡಿಸುತ್ತಾರೆ. ನೀರನ್ನೂ ಅಳೆದು ಕೊಡುತ್ತಾರೆ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇರುವಾಗ ಬಾಣಂತಿಯನ್ನು ಬಾಯಾರಿಸಿ ಇಡುವುದರಲ್ಲಿ ಅರ್ಥವಿಲ್ಲ. ಅಂಟಿನ ಉಂಡಿ, ಅಳವಿ ಪಾಯಸ, ಉತ್ತತ್ತಿ, ಕೊಬ್ಬರಿ, ಮೆಂತ್ಯ, ಸಬ್ಬಸಿಗೆ ಇವು ಹಿರಿಯರು ಕಂಡುಕೊಂಡ ಒಳ್ಳೆಯ ಆಹಾರಗಳು. ಅಳವಿ ಬೀಜದಲ್ಲಿ ಕಬ್ಬಿಣಾಂಶ ಚೆನ್ನಾಗಿದೆ. ಇವುಗಳ ಜೊತೆಗೆ ಬೇಳೆ, ಸೊಪ್ಪು, ಹಣ್ಣು, ಬೇಕಾದಷ್ಟು ಕಾಯಿಸಿ ಆರಿಸಿದ ನೀರು ಕೊಡಬೇಕು.

ಈ ಪಥ್ಯದ ಹಿಂದಿರುವ ಅಂಜಿಕೆ ಬಾಣಂತಿ ಸನ್ನಿಯದು. ಹಿಂದೆ ಎಷ್ಟೋ ಬಾಣಂತಿಯರು ಜ್ವರ ಬಂದು ತೀರಿಕೊಂಡದ್ದು ಸುಳ್ಳಲ್ಲ. ಆದರೆ ಆ ಜ್ವರಕ್ಕೆ ಮುಖ್ಯ ಕಾರಣ ತಣ್ಣೀರಲ್ಲ, ಹೆರಿಗೆ ಮಾಡಿಸುವವರ ಕೈಯ ಕೊಳೆ. 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯರು ಎಲ್ಲರಿಂದಲೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಬಾಣಂತಿಯರ ಸಾವು ತಟ್ಟನೆ ಇಳಿದುಹೋಯಿತು. ಆದ್ದರಿಂದ ಸಾಬೂನು, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ ಇವೇ ಸನ್ನಿಗೆ ಮದ್ದು. ಕಿಡಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಕುಳ್ಳಿನ ಹೊಗೆ ತುಂಬಿಸಿದರೆ ತಾಯಿಗೂ ಕೂಸಿಗೂ ಉಸಿರು ಕಟ್ಟುತ್ತದೆ, ಹೊರಸಿಗೆ ಬೆಂಕಿ ತಗಲುವ ಭಯವೂ ಇದೆ. ಬಾಣಂತಿಗೆ ಜ್ವರ, ನಾರುವ ಸ್ರಾವ, ಬಟ್ಟೆ ತೊಯ್ದು ಹೋಗುವಷ್ಟು ರಕ್ತ ಕಂಡರೆ ಕಷಾಯ ಕುದಿಸುತ್ತ ಕೂಡದೆ ದವಾಖಾನೆಗೆ ಒಯ್ಯಬೇಕು.

ಕೂಸಿನ ಹೊಕ್ಕಳಿಗೆ ಬೂದಿ, ಸಗಣಿ, ಅರಿಷಿಣ ಹಚ್ಚಬಾರದು. ಕಣ್ಣಿಗೆ ಕಾಡಿಗೆ, ಕಿವಿಮೂಗಿಗೆ ಎಣ್ಣೆ ಬೇಡ. ಮೈ ತಣ್ಣಗಾದರೆ, ಮೊಲೆ ಹಿಡಿಯದಿದ್ದರೆ, ಉಸಿರು ವೇಗವಾದರೆ, ಅಂಗೈ ಅಂಗಾಲು ಹಳದಿಯಾದರೆ ತಡಮಾಡುವಂತಿಲ್ಲ. ಎರಡೂವರೆ ಕಿಲೋಗಿಂತ ಹಗುರಾದ ಕೂಸನ್ನು ಬರಿಮೈಯ ಎದೆಗೆ ಅಪ್ಪಿಟ್ಟುಕೊಳ್ಳುವುದು ಅಗ್ಗಿಷ್ಟಿಕೆಗಿಂತ ಮಿಗಿಲಾದ ಶಾಖ. ಆಸ್ಪತ್ರೆಯಲ್ಲಿ ಹಡೆದು ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ನೋಡಬೇಕೆಂಬ ನಿಯಮವಿದೆ. ತವರೂರಿನಲ್ಲಿ ಹೆಸರು ಹೇಳಿಸದಿದ್ದರೆ ಈ ಆರೂ ಭೇಟಿ ತಪ್ಪಿಹೋಗುತ್ತವೆ.

ಮನಸ್ಸಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಹಡೆದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಲ್ಲಿ ಕಂಡುಬರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೂ ಮೀರಿ ನಿದ್ದೆ ಬಾರದೆ, ಊಟ ಸೇರದೆ, ಕೂಸಿನ ಕಡೆ ಲಕ್ಷ್ಯವಿಲ್ಲದೆ ಕೂತರೆ, ಸಾಯುವ ಮಾತಾಡಿದರೆ, ಅದು ಕಾಯಿಲೆ. ಗಾಳಿ ಸೋಂಕಲ್ಲ. ಅದಕ್ಕೆ ಚಿಕಿತ್ಸೆಯಿದೆ, 14416 ಸಂಖ್ಯೆಗೆ ಫೋನ್ ಮಾಡಿ ಸಲಹೆ ಕೇಳಬಹುದು. ಹೆಣ್ಣು ಹುಟ್ಟಿತೆಂದು ಗಂಡನ ಮನೆಯವರು ತಿಂಗಳವರೆಗೆ ಮುಖ ತೋರಿಸದ ಉದಾಹರಣೆಗಳು ನಮ್ಮ ಊರುಗಳಲ್ಲಿವೆ. ಆ ಹುಡುಗಿಯ ಎದೆಹಾಲು, ನಿದ್ದೆ, ಜೀವ ಎಲ್ಲಕ್ಕೂ ಇದರಿಂದ ಪೆಟ್ಟು ಬೀಳುತ್ತದೆ. ಕೂಸು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ಗೊತ್ತಾಗುವ ಸಂಗತಿ. ಅಳಿಯನಾದವನು ವಾರಕ್ಕೊಮ್ಮೆಯಾದರೂ ಬಂದು ಕೂಸನ್ನು ಎತ್ತಿಕೊಂಡರೆ ಬಾಣಂತಿಗೆ ಉಂಡಿಗಿಂತ ಹೆಚ್ಚು ಬಲ ಬರುತ್ತದೆ.

ಮರಳಿ ಗಂಡನ ಮನೆಗೆ

ಕೂಸಿನೊಡನೆ ಕಳಿಸುವ ದಿನ ತಾಯಿ ಕಾರ್ಡ್ ಮತ್ತೆ ಗಂಟಿಗೆ ಸೇರಬೇಕು. ಹುಟ್ಟಿದಾಗಿನ ಲಸಿಕೆ, ನಂತರ 6, 10 ಮತ್ತು 14 ವಾರದ ಲಸಿಕೆಗಳು ತವರಿನಲ್ಲಿ ಆಗಿರುತ್ತವೆ, ಒಂಬತ್ತು ತಿಂಗಳಿನ ದಡಾರದ ಲಸಿಕೆ ಗಂಡನ ಊರಿನಲ್ಲಿ ಬರುತ್ತದೆ. ಅಲ್ಲಿನ ಆಶಾ ಕಾರ್ಯಕರ್ತೆಗೆ ಕಾರ್ಡ್ ತೋರಿಸಿ ಮುಂದಿನ ತಾರೀಖು ಬರೆಸಿಕೊಳ್ಳಬೇಕು. ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಅಂತರವಿಡುವ ಮಾತನ್ನೂ ಗಂಡಹೆಂಡಿರು ಈಗಲೇ ವೈದ್ಯರೊಡನೆ ಆಡಿಕೊಳ್ಳುವುದು ಲೇಸು.

ಮೂರು ತಿಂಗಳ ಬಾಣಂತಿಯನ್ನು ಸುಗ್ಗಿಗೆ ಆಳು ಸಿಗದೆಂಬ ಕಾರಣಕ್ಕೆ ಅವಸರದಿಂದ ಕರೆಸಿಕೊಳ್ಳುವ ಮನೆಗಳಿವೆ. ಬಂದ ಮರುದಿನವೇ ಹೊಲಕ್ಕೆ ಹೋದರೆ ಕೂಸಿಗೆ ಬಾಟಲಿ ಹಾಲು ಗತಿಯಾಗುತ್ತದೆ, ಬೇಧಿ ಹಿಂದೆಯೇ ಬರುತ್ತದೆ. ಆರು ತಿಂಗಳು ತುಂಬುವವರೆಗೆ ಆಕೆಗೆ ಮನೆಯ ಹತ್ತಿರದ ಕೆಲಸ ಕೊಡಬೇಕು. ಹೋಗಲೇಬೇಕಾದರೆ ಕೂಸನ್ನೂ ಒಯ್ದು, ಔಷಧಿ ಹೊಡೆಯದ ಹೊಲದ ಬದುವಿನ ಗಿಡಕ್ಕೆ ಜೋಳಿಗೆ ಕಟ್ಟಿ, ಕೂಸು ಕೇಳಿದಾಗಲೆಲ್ಲ ಕೈತೊಳೆದು ಹಾಲು ಕುಡಿಸಲು ಬಿಡುವು ಕೊಡಬೇಕು. ಇಲ್ಲವೆ ಹಾಲನ್ನು ಹಿಂಡಿ, ಕುದಿಸಿ ತೊಳೆದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿ ತಂಪಿನಲ್ಲಿಟ್ಟು ಹೋದರೆ, ನಾಲ್ಕು ಗಂಟೆಯೊಳಗೆ ಅತ್ತೆಯವರು ಚಮಚದಿಂದ ಕುಡಿಸಬಹುದು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಅಕ್ಕಿ, ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ತುಪ್ಪ ಹಾಕಿ ಹಿಸುಕಿ, ಮೊದಲು ಎರಡು ಮೂರು ಚಮಚ ತಿನ್ನಿಸಿ, ದಿನದಿನಕ್ಕೆ ಹೆಚ್ಚಿಸುತ್ತ ಹೋಗಬೇಕು.